ಫೋನ್ ಒಂದೇ, ಅದರ ಹಿಂದೆ ಮೂವತ್ತು ಮನೆ

ಈಗ ಸರ್ಕಾರದ ಯಾವ ಕೆಲಸ ಹಿಡಿದರೂ ಅದಕ್ಕೊಂದು ಆ್ಯಪ್ ಇದೆ. ಬೆಳೆ ಸಮೀಕ್ಷೆಗೊಂದು, ಕೂಲಿಕಾರರ ಹಾಜರಿಗೊಂದು, ಅಂಗನವಾಡಿಗೊಂದು, ಜಮೀನಿನ ಸರ್ವೆ ನಂಬರ್ ನೋಡೋಕೆ ಮತ್ತೊಂದು. ಕೆಲವು ತಿಂಗಳಿಗೊಮ್ಮೆ ಫೋನಿನಲ್ಲಿ 'ಅಪ್‌ಡೇಟ್ ಮಾಡಿ' ಅಂತ ಬರುತ್ತದೆ. ಮಾಡುತ್ತೇವೆ. ಒಂದು ಬಟನ್ ಜಾಗ ಬದಲಾಗಿರುತ್ತದೆ, ಹೊಸದೊಂದು ಬಂದಿರುತ್ತದೆ. ನಮಗೆ ಬೇಕಾಗಿದ್ದು ಮಾತ್ರ ಈ ಸಲವೂ ಬಂದಿರುವುದಿಲ್ಲ.

ಆ ಅಪ್‌ಡೇಟಿನಲ್ಲಿ ಏನಿರಬೇಕು ಅಂತ ತೀರ್ಮಾನಿಸಿದವರು ಯಾರು? ಅದಕ್ಕೂ ಮೊದಲು ಯಾರನ್ನು ಕೇಳಿದರು?

ಇದು ಬೆಂಗಳೂರಿನ ಸಾಫ್ಟ್‌ವೇರ್‌ನವರ ವಿಷಯ, ನಮಗೇಕೆ ಅಂತ ಬಿಡುವ ಹಾಗಿಲ್ಲ. ಯಾವುದೇ ಆ್ಯಪ್ ಮಾಡುವವರ ಮುಂದೆ ನೂರಾರು ಬೇಡಿಕೆಗಳ ಪಟ್ಟಿ ಇರುತ್ತದೆ. ಎಲ್ಲವನ್ನೂ ಒಂದೇ ಸಲ ಮಾಡಲು ಆಗುವುದಿಲ್ಲ. ಇದು ಮೊದಲು, ಅದು ಆಮೇಲೆ, ಇದು ಬೇಡ ಅಂತ ಯಾರೋ ಗುರುತು ಹಾಕುತ್ತಾರೆ. ಆ ಪಟ್ಟಿಯಲ್ಲಿ ನಮ್ಮ ಊರಿನ ತೊಂದರೆ ಎಷ್ಟನೇ ಸಾಲಿನಲ್ಲಿದೆ ಎಂಬುದರ ಮೇಲೆ ಕೂಲಿ, ವಿಮೆ, ಬೆಂಬಲ ಬೆಲೆ ಎಲ್ಲವೂ ನಿಂತಿರುತ್ತವೆ.

ಒಂದು ಉದಾಹರಣೆ ನೋಡೋಣ. ನರೇಗಾ ಕೆಲಸದ ಹಾಜರಿಗಾಗಿ ಎನ್‌ಎಂಎಂಎಸ್ ಎಂಬ ಆ್ಯಪ್ ಬಂದದ್ದು 2021ರ ಮೇ ತಿಂಗಳಲ್ಲಿ. 2022ರ ಮೇ 16ರಿಂದ 20 ಅಥವಾ ಅದಕ್ಕಿಂತ ಹೆಚ್ಚು ಕೂಲಿಕಾರರಿರುವ ಕಡೆ ಕಡ್ಡಾಯವಾಯಿತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಕಡ್ಡಾಯವಾಯಿತು. ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಫೋಟೊ ತೆಗೆಯಬೇಕಿತ್ತು, ಸಮಯ ಮತ್ತು ಸ್ಥಳ ಅದರಲ್ಲೇ ದಾಖಲಾಗಬೇಕಿತ್ತು. ನಮ್ಮ ರಾಜ್ಯದಲ್ಲಿ ಈ ಹೊಣೆ ಬಿದ್ದದ್ದು ಕಾಯಕ ಬಂಧುಗಳ ಮೇಲೆ.

ಶುರುವಿನಲ್ಲಿ ಬೆಳಗ್ಗೆ ಒಂದು ಫೋಟೊ, ಮಧ್ಯಾಹ್ನದ ನಂತರ ಇನ್ನೊಂದು. ನಮ್ಮ ಉತ್ತರ ಕರ್ನಾಟಕದ ಬೇಸಿಗೆ ಗೊತ್ತಿರುವವರು ಇಂಥ ಸಮಯ ಇಡುತ್ತಿರಲಿಲ್ಲ. ಕಲಬುರಗಿ, ರಾಯಚೂರು ಕಡೆ ಜನ ನಸುಕಿನಲ್ಲೇ ಗುದ್ದಲಿ ಹಿಡಿದು, ಬಿಸಿಲೇರುವುದರೊಳಗೆ ಅಳತೆಯ ಕೆಲಸ ಮುಗಿಸುತ್ತಾರೆ. ಕೆಲಸ ಮುಗಿದ ಮೇಲೂ ಒಂದು ಫೋಟೊಗಾಗಿ ಬಿಸಿಲಲ್ಲಿ ಕಾಯುವುದು, ಇಲ್ಲವೇ ಮನೆಗೆ ಹೋಗಿ ಮತ್ತೆ ಬರುವುದು. ನೆಟ್‌ವರ್ಕ್ ಸಿಗದಿದ್ದರೆ ಅದೂ ವ್ಯರ್ಥ. ಕೂಲಿಕಾರರ ಸಂಘಟನೆಗಳು ಧರಣಿ ಕೂತು, ಮನವಿ ಕೊಟ್ಟು ಇದನ್ನೇ ಹೇಳಿದವು.

ಆಮೇಲೆ ಆ್ಯಪ್ ಬದಲಾಯಿತು. ಮೊದಲ ಫೋಟೊ ಆದ 4 ಗಂಟೆಗೆ ಎರಡನೆಯದನ್ನು ತೆಗೆಯಬಹುದು ಅಂತಾಯಿತು. ನೆಟ್‌ವರ್ಕ್ ಇಲ್ಲದಿದ್ದರೂ ಬೆಳಗಿನ ಹಾಜರಿ, ಫೋಟೊ ತೆಗೆದಿಟ್ಟು ಸಿಗ್ನಲ್ ಸಿಕ್ಕಾಗ ಕಳಿಸಬಹುದು ಅಂತಾಯಿತು. ಒಳ್ಳೆಯದೇ. ಆದರೆ ಈ ಎರಡು ಮಾತನ್ನು ಯಾವುದೇ ಕಾಯಕ ಬಂಧು ಮೊದಲ ದಿನವೇ ಹೇಳುತ್ತಿದ್ದರು. ಕೇಳಿದ್ದರೆ ತಾನೆ?

ಸಾಮಾನ್ಯವಾಗಿ ಆ್ಯಪ್ ಮಾಡುವವರು ಜನರ ಅಭಿಪ್ರಾಯ ತಿಳಿಯುವುದು ಪ್ಲೇ ಸ್ಟೋರಿನ ಸ್ಟಾರ್ ನೋಡಿ, ಅದರ ಕೆಳಗೆ ಬರೆದದ್ದನ್ನು ಓದಿ, ಇ-ಮೇಲ್ ನೋಡಿ. ಅಲ್ಲಿ ಬರೆಯುವವರು ಯಾರು? ಇ-ಮೇಲ್ ಇರುವವರು, ಟೈಪ್ ಮಾಡಲು ಬರುವವರು, ಮುಖ್ಯವಾಗಿ ನೆಟ್‌ವರ್ಕ್ ಇರುವವರು. ನೆಟ್‌ವರ್ಕ್ ಇಲ್ಲದೆ ಆ್ಯಪ್ ನಡೆಯುತ್ತಿಲ್ಲ ಎಂದು ಹೇಳಲಿಕ್ಕೂ ನೆಟ್‌ವರ್ಕ್ ಬೇಕು! ಜಾತ್ರೆಗೆ ಬಂದವರನ್ನು ಮಾತ್ರ ಕೇಳಿ, ಬಾರದವರು ಯಾಕೆ ಬರಲಿಲ್ಲ ಅಂತ ವರದಿ ಬರೆದ ಹಾಗೆ ಇದು. ತೊಂದರೆ ಹೆಚ್ಚಿದ್ದವರ ದನಿಯೇ ಅಲ್ಲಿ ಇರುವುದಿಲ್ಲ.

1902ಕ್ಕೆ ಫೋನ್ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಅದು ದೂರು ಕೊಡುವ ಜಾಗ. ನನ್ನ ಅರ್ಜಿ ನಿಂತಿದೆ ಅಂದರೆ ಆ ಅರ್ಜಿ ಮುಂದೆ ಹೋಗುತ್ತದೆ, ದೂರು ಮುಗಿಯಿತು ಅಂತ ಮೆಸೇಜ್ ಬರುತ್ತದೆ. ಅದೇ ಕಾರಣಕ್ಕೆ ನಾಳೆ ಪಕ್ಕದ ಊರಿನವರ ಅರ್ಜಿ ನಿಲ್ಲಬಾರದು ಅಂದರೆ ಆ್ಯಪ್ ಅನ್ನೇ ತಿದ್ದಬೇಕು. ದೂರು ಬೇರೆ, ಬೇಡಿಕೆ ಬೇರೆ. ದೂರಿಗೆ ಒಂದು ನಂಬರ್ ಇದೆ, ಬೇಡಿಕೆಗೆ ಬಾಗಿಲೇ ಇಲ್ಲ.

ಇನ್ನು ಬಂದ ಬೇಡಿಕೆಗಳಿಗೆ ಆದ್ಯತೆ ಕೊಡುವುದು ಹೇಗೆ? ಸಾಫ್ಟ್‌ವೇರ್ ಕಂಪನಿಗಳಲ್ಲಿ 'ರೈಸ್' ಅಂತ ಒಂದು ಲೆಕ್ಕ ಬಳಕೆಯಲ್ಲಿದೆ. ಅಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಎಷ್ಟು ಜನರಿಗೆ ತಲುಪುತ್ತದೆ, ಒಬ್ಬೊಬ್ಬರಿಗೆ ಎಷ್ಟು ಅನುಕೂಲ, ನಮ್ಮ ಅಂದಾಜು ಎಷ್ಟು ಖಾತ್ರಿ, ಈ ಮೂರನ್ನು ಗುಣಿಸಬೇಕು. ಬಂದದ್ದನ್ನು ಅದಕ್ಕೆ ಹಿಡಿಯುವ ಶ್ರಮದಿಂದ ಭಾಗಿಸಬೇಕು. ಅನುಕೂಲ ಬಹಳ ಇದ್ದರೆ 3 ಅಂಕ, ತೀರಾ ಕಡಿಮೆ ಇದ್ದರೆ 0.25. ಹೆಚ್ಚು ಅಂಕ ಬಂದದ್ದು ಮೊದಲು.

ಒಂದು ಲೆಕ್ಕ ಹಾಕೋಣ. ಇದು ನಾವು ಸುಮ್ಮನೆ ಅಂದುಕೊಂಡ ಲೆಕ್ಕ. ಪರದೆ ರಾತ್ರಿ ಹೊತ್ತು ಕಪ್ಪಾಗಿ ಕಾಣಲಿ ಅಂತ 1000 ಜನ ಕೇಳಿದ್ದಾರೆ. ಅನುಕೂಲ 0.25, ಒಂದು ತಿಂಗಳ ಕೆಲಸ. ಅಂಕ 250. ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್ ನಡೆಯಲಿ ಅಂತ 60 ಕಾಯಕ ಬಂಧುಗಳು ಕೇಳಿದ್ದಾರೆ. ಅನುಕೂಲ 3, ಎರಡು ತಿಂಗಳ ಕೆಲಸ. ಅಂಕ 90. ಎರಡರ ಖಾತ್ರಿಯೂ ಪೂರ್ತಿ ಅಂತಿಟ್ಟುಕೊಳ್ಳಿ. ಕಪ್ಪು ಪರದೆ ಗೆದ್ದಿತು!

ಲೆಕ್ಕ ತಪ್ಪಿಲ್ಲ, ತಲೆ ಎಣಿಸಿದ್ದು ತಪ್ಪು. ಪಟ್ಟಣದಲ್ಲಿ ಒಂದು ಫೋನ್ ಅಂದರೆ ಒಬ್ಬ ಮನುಷ್ಯ. ಕಾಯಕ ಬಂಧುವಿನ ಫೋನ್ ಹಾಗಲ್ಲ. ಅದರ ಹಿಂದೆ ಮೂವತ್ತು ಮನೆಯ ಕೂಲಿ ಇದೆ. 60 ಫೋನ್ ಅಂದರೆ 1800 ಜನ. ಈಗ ಅದೇ ಲೆಕ್ಕ ಮಾಡಿ: 1800 ಸಲ 3, ಭಾಗಿಸು 2. ಅಂಕ 2700. ಕಪ್ಪು ಪರದೆಗಿಂತ ಹತ್ತು ಪಟ್ಟು ಹೆಚ್ಚು.

ನಾವು ಹೇಳಬೇಕೆಂದಿರುವುದು ಇಷ್ಟೇ. ಊರಿಗಾಗಿ ಮಾಡಿದ ಆ್ಯಪ್‌ನಲ್ಲಿ ಫೋನುಗಳನ್ನು ಎಣಿಸಬೇಡಿ, ಫೋನಿನ ಹಿಂದಿರುವವರನ್ನು ಎಣಿಸಿ. ಅಂಗನವಾಡಿ ಟೀಚರಮ್ಮನ ಫೋನಿನ ಹಿಂದೆ ಇಡೀ ಓಣಿಯ ಮಕ್ಕಳು, ಬಸುರಿ ಬಾಣಂತಿಯರು ಇದ್ದಾರೆ. ಬೆಳೆ ಸಮೀಕ್ಷೆಗೆ ಹೊಲಹೊಲ ಸುತ್ತುವ ಹುಡುಗನ ಫೋನಿನ ಹಿಂದೆ ಎಷ್ಟೋ ರೈತರ ಪಹಣಿ ಇದೆ. ಗ್ರಾಮ ಒನ್ ಕೌಂಟರಿನಲ್ಲಿ ಕೂತವರ ಕಂಪ್ಯೂಟರ್ ಹಿಂದೆ ಊರಿಗೆ ಊರೇ ಸಾಲು ನಿಂತಿದೆ.

ಬೆಳೆ ಸಮೀಕ್ಷೆ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆಯನ್ನು ಫೋನಿನಲ್ಲಿ ದಾಖಲಿಸಲು ರಾಜ್ಯ ಸರ್ಕಾರ ಅವಕಾಶ ಕೊಟ್ಟಿತು. ಏನು ದಾಖಲಾಗಿದೆ ಅಂತ ನೋಡಿ ಆಕ್ಷೇಪಣೆ ಹಾಕಲು 'ಬೆಳೆ ದರ್ಶಕ್' ಆ್ಯಪ್ ಕೂಡ ಬಂತು. ಬೆಳೆ ವಿಮೆಗೆ, ಬೆಳೆ ಹಾನಿ ಪರಿಹಾರಕ್ಕೆ, ಬೆಂಬಲ ಬೆಲೆ ಖರೀದಿಗೆ ಈ ಮಾಹಿತಿಯೇ ಆಧಾರ. ತೊಗರಿ ಹಾಕಿದವನ ಹೊಲದಲ್ಲಿ ಹೆಸರು ಅಂತ ದಾಖಲಾದರೆ ಅವನ ತೊಗರಿಗೆ ಖರೀದಿ ಕೇಂದ್ರದಲ್ಲಿ ತಕರಾರು ಬರುತ್ತದೆ. ಹಾಗಾಗಿ 'ನೋಡು, ತಪ್ಪಿದ್ದರೆ ಹೇಳು' ಎನ್ನುವ ಸೌಲಭ್ಯ ದೊಡ್ಡದು. ಬೆಳೆಯ ವಿಷಯದಲ್ಲಿ ರೈತನ ಆಕ್ಷೇಪಣೆ ಕೇಳಬಹುದು ಅಂದಮೇಲೆ, ಆ್ಯಪ್ ವಿಷಯದಲ್ಲೂ ಕೇಳಬಹುದಲ್ಲ?

ಆ್ಯಪ್ ಮಾಡುವವರ ಕಡೆಯ ಮಾತೂ ಇದೆ. ಕೇಳಿದ್ದನ್ನೆಲ್ಲ ಸೇರಿಸುತ್ತ ಹೋದರೆ ಆ್ಯಪ್ ಭಾರವಾಗುತ್ತದೆ, ನಮ್ಮ ಹಳೇ ಫೋನಿನಲ್ಲಿ ತೆರೆಯುವುದೇ ಇಲ್ಲ. ಬಿಗಿ ಮಾಡಲಿಕ್ಕೂ ಕಾರಣವಿದೆ. ಹಾಜರಿ ಆ್ಯಪ್‌ಗೆ ಫೋಟೊದ ಫೋಟೊ ಹಾಕಿದ್ದು, ಸಂಬಂಧವೇ ಇಲ್ಲದ ಚಿತ್ರ ಹಾಕಿದ್ದು ಕಂಡುಬಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2025ರ ಜುಲೈನಲ್ಲಿ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಕಳ್ಳತನ ತಡೆಯಲೇಬೇಕು. ಆದರೆ ಹಾಕುವ ಪ್ರತಿ ಬೀಗಕ್ಕೂ ಪ್ರಾಮಾಣಿಕ ಕೂಲಿಕಾರರು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕು.

ಕಾಯುವುದು ನಮಗೆ ಹೊಸದಲ್ಲ. ಯುಪಿಐ ಬಂದದ್ದು 2016ರಲ್ಲಿ. ಬಟನ್ ಫೋನಿನವರಿಗಾಗಿ ಯುಪಿಐ 123ಪೇ ಬಂದದ್ದು 2022ರ ಮಾರ್ಚ್ 8ರಂದು. ನಡುವೆ *99# ಇತ್ತು, ಆದರೆ ಬಳಸಿದವರು ಕಡಿಮೆ. ದೇಶದಲ್ಲಿ ಬಟನ್ ಫೋನ್ ಇರುವವರು 40 ಕೋಟಿಗೂ ಹೆಚ್ಚು ಎಂದು ಆಗ ರಿಸರ್ವ್ ಬ್ಯಾಂಕೇ ಹೇಳಿತ್ತು. ಅಷ್ಟು ಜನರ ಸರದಿ ಬರಲು ಆರು ವರ್ಷ ಬೇಕಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದರೆ ಕೆಳಗಿನವರಿಗೆ ನೀರು.

ಹಾಗಾದರೆ ಏನು ಮಾಡಬೇಕು? ದಾರಿ ನಮ್ಮಲ್ಲೇ ಇದೆ. ಯಾವ ಓಣಿಗೆ ಮೊದಲು ಚರಂಡಿ, ಯಾರಿಗೆ ಮೊದಲು ಮನೆ ಅಂತ ವಾರ್ಡ್ ಸಭೆಯಲ್ಲಿ ಕೇಳಿ, ಗ್ರಾಮ ಸಭೆಯಲ್ಲಿ ಪಟ್ಟಿ ಓದುವ ಪದ್ಧತಿ ಪಂಚಾಯತ್ ರಾಜ್ ಕಾನೂನಿನಲ್ಲೇ ಇದೆ. ಅದು ಎಲ್ಲ ಕಡೆ ಸರಿಯಾಗಿ ನಡೆಯುತ್ತದೆ ಅಂತ ನಾವು ಹೇಳುವುದಿಲ್ಲ. ಆದರೆ ಪಟ್ಟಿ ಎಲ್ಲರೆದುರು ಓದಿದಾಗ, 'ನಮ್ಮ ಓಣಿ ಯಾಕೆ ಕೆಳಗಿದೆ' ಅಂತ ಕೇಳುವ ಹಕ್ಕಾದರೂ ಇರುತ್ತದೆ.

ಆ್ಯಪ್‌ಗಳಿಗೂ ಹೀಗೇ ಮಾಡಲಿ ಎಂಬುದು ನಮ್ಮ ಒತ್ತಾಯ. ಮೊದಲನೆಯದು, ಕೇಳುವುದು ಕೆಲಸ ನಡೆಯುವ ಜಾಗದಲ್ಲಿ ಆಗಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಪಂಚಾಯಿತಿಯಲ್ಲಿ, ಅಂಗನವಾಡಿ ಮೀಟಿಂಗಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವವರು ಇರಲಿ. ಎರಡನೆಯದು, ಫೋನಿನ ಹಿಂದಿರುವ ಜನರನ್ನೂ, ಮಾಡದಿದ್ದರೆ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಲಿ. ಮೂರನೆಯದು, ಪಟ್ಟಿ ಕನ್ನಡದಲ್ಲಿ ಎಲ್ಲರಿಗೂ ಕಾಣಲಿ. ಯಾವುದು ಒಪ್ಪಿಗೆಯಾಗಿದೆ, ಯಾವಾಗ ಬರುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ. 'ಆಗುವುದಿಲ್ಲ' ಅಂತ ಕಾರಣ ಕೊಟ್ಟು ಹೇಳಿದರೂ ಪರವಾಗಿಲ್ಲ. ಉತ್ತರವೇ ಬಾರದಿರುವುದು ಅದಕ್ಕಿಂತ ಕೆಟ್ಟದ್ದು.

ನಮ್ಮ ಕಡೆಯಿಂದಲೂ ಒಂದು ಕೆಲಸವಿದೆ. 'ಈ ಆ್ಯಪ್ ಸರಿ ಇಲ್ಲ' ಅಂದರೆ ತಿದ್ದುವವರಿಗೆ ಏನೂ ತಿಳಿಯುವುದಿಲ್ಲ. 'ಬಟನ್ ದೊಡ್ಡದು ಮಾಡಿ' ಅಂದರೆ ಬಟನ್ ದೊಡ್ಡದಾಗುತ್ತದೆ, ಆದರೆ ನಿಮ್ಮ ನಿಜವಾದ ತೊಂದರೆ ಬಿಸಿಲಿಗೆ ಪರದೆ ಕಾಣದಿರುವುದು ಆಗಿದ್ದರೆ ಅದು ಹಾಗೇ ಉಳಿಯುತ್ತದೆ. ಪರಿಹಾರ ಅವರು ಹುಡುಕಲಿ, ನೀವು ನಡೆದದ್ದನ್ನು ಹೇಳಿ. ಯಾವ ಕೆಲಸ ಮಾಡುತ್ತಿದ್ದಿರಿ, ಎಲ್ಲಿ ನಿಂತಿತು, ಪರದೆ ಮೇಲೆ ಏನು ಬಂತು, ಯಾವ ಫೋನ್, ಎಷ್ಟು ಸಲ ಹೀಗಾಗಿದೆ, ಎಷ್ಟು ಜನರಿಗೆ ಏನು ನಷ್ಟವಾಯಿತು.

'ಕೆರೆ ಹೂಳೆತ್ತುವ ಜಾಗದಲ್ಲಿ ಸಿಗ್ನಲ್ ಇಲ್ಲ. ಈ ವಾರ ಮೂರು ದಿನ ಎರಡನೇ ಫೋಟೊ ಹೋಗಲಿಲ್ಲ. 32 ಜನರ ಹಾಜರಿ ನಿಂತಿದೆ.' ಇಷ್ಟು ಬರೆದು, ಪರದೆಯ ಸ್ಕ್ರೀನ್‌ಶಾಟ್ ಜೊತೆ ಪಂಚಾಯಿತಿಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮುಂದಿನ ಗ್ರಾಮ ಸಭೆಯಲ್ಲಿ ಅದನ್ನೇ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಒಂದು ಪ್ರತಿ ನಿಮ್ಮ ತಾಲ್ಲೂಕಿನ ವರದಿಗಾರರಿಗೂ ಕೊಡಿ. ನಾವು ಅದನ್ನು ಬರೆಯುತ್ತೇವೆ, ಉತ್ತರ ಬರುವ ತನಕ ಕೇಳುತ್ತಲೂ ಇರುತ್ತೇವೆ.