ಕಾಲೆಳೆತ ಮತ್ತು ಕಣ್ಕಟ್ಟು: ಇಂಗ್ಲಿಷ್ ಗೇಲಿಮಾತುಗಳ ಅರ್ಥನೆಲೆ

ಆಡುನುಡಿಯ ಗೇಲಿಮಾತುಗಳನ್ನು ಶಿಷ್ಟ ಬರವಣಿಗೆಯು ಬಹುಕಾಲ ಅನುಮಾನದಿಂದಲೇ ಕಂಡಿದೆ. ಇಂಗ್ಲಿಷ್ ಇದಕ್ಕೆ ಹೊರತಲ್ಲ. ಜೊನಾಥನ್ ಸ್ವಿಫ್ಟ್ 1710ರಲ್ಲಿ 'ಟ್ಯಾಟ್ಲರ್' ಪತ್ರಿಕೆಗೆ ಬರೆದ ಲೇಖನದಲ್ಲಿ 'ಬ್ಯಾಂಟರ್', 'ಬ್ಯಾಂಬೂಜಲ್' ಮುಂತಾದ ಅಂದಿನ ಹೊಸ ಪದಗಳು ಭಾಷೆಯನ್ನು ಕೆಡಿಸುತ್ತಿವೆಯೆಂದು ಆಕ್ಷೇಪಿಸಿದನು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ 'ಬ್ಯಾಂಬೂಜಲ್'ಗೆ ಎಡೆಯಿತ್ತನಾದರೂ ಅದನ್ನು ಗಂಭೀರ ಬರವಣಿಗೆಗೆ ಸಲ್ಲದ ಪದವೆಂದು ಗುರುತಿಸಿದನು. ಎರಡೂ ಪದಗಳು ಇಂದಿಗೂ ಬಳಕೆಯಲ್ಲಿವೆ.

ಇಂತಹ ಮಾತುಗಳು ಉಳಿದುಬರಲು ಅವುಗಳ ಅರ್ಥಸೂಕ್ಷ್ಮತೆಯೇ ಮುಖ್ಯ ಕಾರಣವೆನ್ನಬಹುದು. 'ಬ್ಯಾಂಟರ್' ಎಂಬುದು ಪರಸ್ಪರ ನಡೆಯುವ ವಿನೋದದ ಮಾತುಕತೆ. 'ಪುಲ್ಲಿಂಗ್ ದ ಲೆಗ್' ಎಂಬಲ್ಲಿ ಸುಳ್ಳಿದೆ. ಆದರೆ ಕೊನೆಗೆ ಅದು ಬಯಲಾಗಿ ಇಬ್ಬರೂ ನಗಬೇಕೆಂಬ ಉದ್ದೇಶವೂ ಇದೆ. ಬ್ರಿಟಿಷರ 'ಟೇಕಿಂಗ್ ದ ಮಿಕ್ಕಿ'ಯಲ್ಲಿ ಅಣಕದ ಮೊನಚು ಹೆಚ್ಚು. 'ಹುಡ್‌ವಿಂಕ್' ಶುದ್ಧ ವಂಚನೆ. ಹದಿನಾರನೆಯ ಶತಮಾನದಲ್ಲಿ ಅದರ ಮೂಲಾರ್ಥ ಕಣ್ಣಿಗೆ ಬಟ್ಟೆ ಕಟ್ಟುವುದು ಎಂದೇ ಇತ್ತು. ಕನ್ನಡದ 'ಕಣ್ಣಿಗೆ ಮಣ್ಣೆರಚು', 'ಮಂಕುಬೂದಿ ಎರಚು' ಎಂಬ ನುಡಿಗಟ್ಟುಗಳೂ ಇದೇ ಜಾಡಿನವು. ಕಾಲೆಳೆಸಿಕೊಂಡವನಿಗೆ ಕೊನೆಗಾದರೂ ಸತ್ಯ ಕಾಣುತ್ತದೆ. ಕಣ್ಣು ಕಟ್ಟಿಸಿಕೊಂಡವನಿಗೆ ಕಾಣಬಾರದೆಂಬುದೇ ಕಟ್ಟಿದವನ ಬಯಕೆ.

ಅನುವಾದದಲ್ಲಿ ಈ ಭೇದ ನಿರ್ಣಾಯಕವಾಗುತ್ತದೆ. ಗೆಳೆಯನೊಬ್ಬ 'ಕಾಲೆಳೆದ' ಸಂದರ್ಭವನ್ನು 'ಮೋಸ ಮಾಡಿದನು' ಎಂದು ಕನ್ನಡಿಸಿದರೆ ಪಾತ್ರದ ಸ್ವಭಾವವೇ ಬದಲಾಗುತ್ತದೆ. 'ಕಾಲೆಳೆ' ಎಂದಷ್ಟೇ ಬರೆದರೂ ತೊಡಕು ತಪ್ಪದು. ಮೇಲೇರುತ್ತಿರುವವನನ್ನು ಅಸೂಯೆಯಿಂದ ಕೆಳಗೆಳೆಯುವುದು ಎಂಬ ಅರ್ಥವೂ ಕನ್ನಡದಲ್ಲಿ ಈ ಮಾತಿಗಿದೆ. ಗೇಲಿಯ ಅರ್ಥದಲ್ಲಿ ಇಂಗ್ಲಿಷ್ ನುಡಿಗಟ್ಟಿನ ನೆರಳಿದೆ. ಎರಡು ಅರ್ಥಗಳಲ್ಲಿ ಯಾವುದು ಉದ್ದಿಷ್ಟವೆಂಬುದನ್ನು ಸಂದರ್ಭವೇ ತಿಳಿಸಬೇಕು.

ಕಿಚಾಯಿಸು, ಛೇಡಿಸು, ರೇಗಿಸು, ಟೋಪಿ ಹಾಕು, ಕಿವಿಗೆ ಹೂವಿಡು, ಚಳ್ಳೆಹಣ್ಣು ತಿನ್ನಿಸು: ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ಇವುಗಳಲ್ಲಿ ಯಾವುದು ಸಲಿಗೆಯ ಮಾತು, ಯಾವುದು ಅವಮಾನ, ಯಾವುದು ಆರೋಪ ಎಂಬ ವಿವರಣೆ ದ್ವಿಭಾಷಾ ನಿಘಂಟುಗಳಲ್ಲಿ ಪದದ ಜೊತೆಗೇ ದೊರೆಯಬೇಕು. ಯಾರು ಯಾರಿಗೆ ಆಡಬಹುದಾದ ಮಾತು ಎಂಬುದೂ ಅರ್ಥದ ಭಾಗವೇ. ಫ್ರಾನ್ಸಿಸ್ ಗ್ರೋಸ್ 1785ರಲ್ಲಿಯೇ ಇಂಗ್ಲಿಷಿನ ಬೀದಿಮಾತುಗಳಿಗೆ ಪ್ರತ್ಯೇಕ ನಿಘಂಟನ್ನು ರಚಿಸಿದನು. ಸ್ವಿಫ್ಟನ ಆಕ್ಷೇಪಕ್ಕಿಂತ ಗ್ರೋಸನ ಸಂಗ್ರಹವೇ ಭಾಷಾಧ್ಯಯನಕ್ಕೆ ಹೆಚ್ಚು ಒದಗಿಬಂದಿದೆ ಎಂಬುದನ್ನು ಕನ್ನಡದ ನಿಘಂಟುಕಾರರು ಗಮನಿಸುವುದು ಅಗತ್ಯ.