ದೀಪ ಬೆವರಿದರೆ ಡ್ರೈವರನ ಪಗಾರಕ್ಕೆ ಕತ್ತರಿಯೇ?

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು ಪಗಾರದ ಚೀಟಿ ಹಿಡಿದುಕೊಂಡು ಸಂಘದ ಕೋಣೆಗೆ ಬಂದರು. ಮೊದಲು ಹೋಟೇಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆದವರು, ಬಳಿಕ ಸಪ್ಲೈಗೆ ನಿಂತವರು, ರಾತ್ರಿ ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತವರು. ಈಗ ಅದೇ ಧಣಿಯ ಗಾಡಿ ಓಡಿಸುತ್ತಾರೆ. ಬೆಳಗಿನ ಜಾವ ಮೂರಕ್ಕೆ ಎದ್ದು ವಾಶಿಯ ತರಕಾರಿ ಮಾರ್ಕೆಟ್ಟಿಗೆ ಹೋಗಿ, ಊರು ಏಳುವ ಮುಂಚೆ ಹೋಟೇಲಿನ ಬಾಗಿಲಿಗೆ ಮಾಲು ತಂದು ಇಳಿಸುವುದು ಅವರ ಕೆಲಸ.

ಚೀಟಿಯಲ್ಲಿ ಒಂದು ಹೊಸ ಸಾಲು ಇತ್ತು: "ಹೆಡ್‌ಲೈಟು ನಷ್ಟ, ಮೊದಲನೆಯ ಕಂತು."

ಏನಾಗಿತ್ತೆಂದರೆ, ಗಾಡಿಯ ಬಲಗಡೆಯ ಹೆಡ್‌ಲೈಟಿನ ಒಳಗೆ ಮಂಜು ಕಟ್ಟಿತ್ತು. ತಳದಲ್ಲಿ ನೀರೂ ನಿಂತಿತ್ತು. ಇದನ್ನು ಮೊದಲು ಕಂಡು ಧಣಿಗೆ ಹೇಳಿದವರೂ ಇವರೇ. ಗಾಡಿ ಸರ್ವಿಸಿಗೆ ಹೋಯಿತು. ಅಲ್ಲಿಯವರು ಹೇಳಿದರು: "ಮಳೆಗಾಲದಲ್ಲಿ ಇದು ಸಹಜ, ಕಂಪನಿಯ ದೋಷವಲ್ಲ, ಗ್ಯಾರಂಟಿಯಲ್ಲಿ ಬರುವುದಿಲ್ಲ." ಧಣಿ ದುಡ್ಡು ಕೊಟ್ಟು ಹೊಸ ದೀಪ ಹಾಕಿಸಿದರು. ಮರಳಿ ಬಂದು ಡ್ರೈವರನಿಗೆ ಹೇಳಿದರು: "ಪೈಪು ಹಿಡಿದು ತೊಳೆದವನು ನೀನು. ನೀರು ತುಂಬಿಸಿದವನೂ ನೀನೇ. ಮೂರು ಕಂತಿನಲ್ಲಿ ಕಟ್ಟು."

ನೋಡಿರಿ ಈ ನ್ಯಾಯವನ್ನು! ನೀರು ಒಂದೇ, ದೀಪ ಒಂದೇ. ಕಂಪನಿ ಹಣ ಕೊಡಬೇಕಾಗಿ ಬಂದಾಗ ಆ ನೀರು ಪ್ರಕೃತಿಯ ನಿಯಮ. ಕೆಲಸಗಾರ ಕೊಡಬೇಕಾಗಿ ಬಂದಾಗ ಅದೇ ನೀರು ನಿರ್ಲಕ್ಷ್ಯ. ಬೆಳಿಗ್ಗೆ ಸಹಜವಾಗಿದ್ದದ್ದು ಸಂಜೆಗೆ ಅಪರಾಧವಾಗುವುದು ಹೇಗೆಂದು ನಾವು ಕೇಳುತ್ತೇವೆ.

ದೀಪದೊಳಗೆ ನೀರು ಬರುವುದು ಹೇಗೆ? ಇದಕ್ಕೆ ಇಂಜಿನಿಯರೇ ಬೇಕೆಂದಿಲ್ಲ. ಹೋಟೇಲಿನಲ್ಲಿ ದುಡಿದ ನಮಗೆ ಇದು ಗೊತ್ತಿದ್ದ ವಿಷಯ. ಐಸ್ ನೀರಿನ ಗ್ಲಾಸನ್ನು ಮೇಜಿನ ಮೇಲಿಟ್ಟರೆ ಹೊರಗಡೆ ಹನಿ ಕಟ್ಟುತ್ತದೆ. ಗ್ಲಾಸು ಸೋರಿತೇ? ಇಲ್ಲ. ಗಾಳಿಯಲ್ಲಿದ್ದ ಆವಿ ತಣ್ಣನೆಯ ಗಾಜು ತಾಗಿ ನೀರಾಯಿತು. ಬಿಸಿ ವಡೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರೆ ಕಪಾಟು ಒಳಗಿನಿಂದ ಮಸುಕಾಗುತ್ತದೆ. ಹಾಗೆ ಮಸುಕಾಯಿತೆಂದು ಪೋರನ ಕಿವಿ ಹಿಂಡಿದ ಮ್ಯಾನೇಜರರನ್ನೂ ನಾವು ಕಂಡಿದ್ದೇವೆ.

ಗಾಡಿಯ ದೀಪವೂ ಅಂಥದೇ ಒಂದು ಕಪಾಟು. ಅದು ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ದೀಪ ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಬೇಕು. ಅದಕ್ಕಾಗಿ ಬೆನ್ನಿನ ಕಡೆ ಸಣ್ಣ ರಬ್ಬರು ನಳಿಗೆಯನ್ನೋ, ಗಾಳಿ ಬಿಟ್ಟು ನೀರು ತಡೆಯುವ ತೆಳು ಪೊರೆಯನ್ನೋ ಕಂಪನಿಯವರೇ ಇಟ್ಟಿರುತ್ತಾರೆ. ದೀಪ ಆರಿ ತಣ್ಣಗಾದಾಗ ಅದೇ ದಾರಿಯಿಂದ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಮುಂಬಯಿಯ ಮಳೆಗಾಲದ ಗಾಳಿಯೆಂದರೆ ಹಿಂಡಿದರೆ ನೀರು ಬರುವ ಗಾಳಿ. ಮುಂದಿನ ಗಾಜಿಗೆ ಮಳೆ ಬಡಿದು ತಣ್ಣಗಾದಾಗ ಒಳಗಡೆ ಮಂಜು ಹಿಡಿಯುತ್ತದೆ. ಎಷ್ಟೋ ಗಾಡಿಗಳ ಕೈಪಿಡಿಯಲ್ಲೇ ಇದು ಸಹಜವೆಂದು ಅಚ್ಚಾಗಿದೆ. ದೀಪ ಹಚ್ಚಿ ಸ್ವಲ್ಪ ದೂರ ಓಡಿಸಿದರೆ ಈ ಮಂಜು ಆರಿಹೋಗುತ್ತದೆ. ಹಳೆಯ 60 ವ್ಯಾಟಿನ ಹ್ಯಾಲೊಜೆನ್ ಬಲ್ಬು ಗಾಜನ್ನು ಬೇಗ ಕಾಯಿಸುತ್ತಿತ್ತು. ಈಗಿನ ಎಲ್.ಇ.ಡಿ. ದೀಪದ ಶಾಖವೆಲ್ಲ ಹಿಂದುಗಡೆಗೆ ಹೋಗುವುದರಿಂದ ಮುಂದಿನ ಗಾಜು ತಣ್ಣಗೇ ಉಳಿದು ಮಂಜು ಆರಲು ತಡವಾಗುತ್ತದೆ. ಇದಕ್ಕೂ ಡ್ರೈವರನೇ ಹೊಣೆಯೇ?

ಆದರೆ ಮಂಜು ಬೇರೆ, ನಿಂತ ನೀರು ಬೇರೆ. ಈ ಭೇದವನ್ನು ಪ್ರತಿಯೊಬ್ಬ ಡ್ರೈವರನೂ ಬಾಯಿಪಾಠ ಮಾಡಿಕೊಳ್ಳಬೇಕು. ಲೆಕ್ಕ ಸುಲಭ. 30 ಡಿಗ್ರಿ ಸೆಕೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಹಿಡಿಯುತ್ತದೆ. 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ. ಉಳಿದ 13 ಗ್ರಾಂ ನೀರಾಗಬೇಕು. ಘನ ಮೀಟರೆಂದರೆ ಸಾವಿರ ಲೀಟರು. ದೀಪದ ಹೊಟ್ಟೆ ಹಿಡಿಯುವುದು ಐದಾರು ಲೀಟರೆಂದು ಇಟ್ಟುಕೊಳ್ಳಿ. ಹಾಗಾದರೆ ಒಂದು ಸಲಕ್ಕೆ ಇಳಿಯುವ ನೀರು ಒಂದೆರಡು ಹನಿ, ಅಷ್ಟೇ. ಮಳೆ ಬಂದ ಒಂದೇ ರಾತ್ರಿಯಲ್ಲಿ ತಳದಲ್ಲಿ ಚಮಚೆಗಟ್ಟಲೆ ನೀರು ನಿಂತಿದ್ದರೆ ಅದು ಗಾಳಿಯಿಂದ ಬಂದದ್ದಲ್ಲ, ಹೊರಗಿನಿಂದ ನುಗ್ಗಿದ್ದು. ಗಾಜನ್ನು ಕೂಡಿಸಿದ ಅಂಟು ಬಿಟ್ಟಿರಬಹುದು. ಎಲ್ಲೋ ತಾಗಿ ಕೂದಲೆಳೆಯಷ್ಟು ಬಿರುಕು ಬಿದ್ದಿರಬಹುದು. ಹಿಂದಿನ ರಬ್ಬರು ಮುಚ್ಚಳ ಹರಿದಿರಬಹುದು. ಉಸಿರಾಡುವ ನಳಿಗೆಯಲ್ಲಿ ಕೆಸರು ಕಟ್ಟಿ, ಬಂದ ತೇವ ಹೊರಗೆ ಹೋಗದೆ ಉಳಿದಿರಬಹುದು. ದೀಪ ಬಿಚ್ಚಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ನೋಡದಿದ್ದರೆ ಗೊತ್ತಾಗುವುದಿಲ್ಲ.

ನಮ್ಮ ಸದಸ್ಯರ ಪ್ರಕರಣದಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ. ಹಳೆಯ ದೀಪವೆಲ್ಲಿ ಎಂದು ನಾವು ಹೋಗಿ ಕೇಳಿದರೆ, ಭಂಗಾರಿಗೆ ಹಾಕಿಯಾಯಿತು ಎಂದರು. ಸಾಕ್ಷಿ ಭಂಗಾರಿಗೆ, ಶಿಕ್ಷೆ ಡ್ರೈವರನಿಗೆ!

ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡುವುದಿಲ್ಲ. ಓಡಿ ಬಂದ ಗಾಡಿಯ ಬಿಸಿ ದೀಪಕ್ಕೆ ಆಗಿಂದಾಗ ತಣ್ಣೀರು ಹೊಡೆದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ ತೇವವನ್ನು ಒಳಗೆಳೆದುಕೊಳ್ಳುತ್ತದೆ. ಜೋರು ಪಂಪಿನ ಪೈಪನ್ನು ದೀಪದ ಅಂಚಿಗೆ ಹಿಡಿಯುವುದು ತಪ್ಪು. ಬಲ್ಬು ಬದಲಿಸಿ ಮುಚ್ಚಳವನ್ನು ಸರಿಯಾಗಿ ಕೂಡಿಸದೆ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಇಂಥದನ್ನು ಮಾಡುವ ಬಂಧುಗಳು ಇಂದೇ ಬಿಡಬೇಕು. ಆದರೆ ಇದನ್ನು ಕಲಿಸಿದ ಧಣಿ ಎಷ್ಟು ಮಂದಿ? ಅರ್ಧ ಗಂಟೆಯಲ್ಲಿ ಗಾಡಿ ತೊಳೆದು ಹೊರಡು ಎಂದವರೂ ಅವರೇ, ಬಿಸಿ ಆರಲಿಲ್ಲ ಯಾಕೆ ಎನ್ನುವವರೂ ಅವರೇ.

ಹಿಂದೆ ಈ ಜಗಳ ಇಷ್ಟು ದೊಡ್ಡದಿರಲಿಲ್ಲ. ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ದುಂಡು ಗಾಜಿನ ದೀಪವನ್ನು ರಸ್ತೆ ಬದಿಯ ಮಿಸ್ತ್ರಿಯೇ ಕಳಚಿ ಕೂಡಿಸುತ್ತಿದ್ದನು. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿ ಮುಂಬಯಿಯ ರಸ್ತೆಯಿಂದ ಇಳಿಯಿತು. ಈಗಿನದು ಅಂಟಿಸಿ ಮುಚ್ಚಿದ ಪ್ಲಾಸ್ಟಿಕ್ಕಿನ ದೀಪ. ಒಂದು ರಬ್ಬರು ಹರಿದರೂ ಇಡೀ ದೀಪವನ್ನೇ ಬದಲಿಸು ಎನ್ನುತ್ತಾರೆ. ಹೀಗೆ ಮಾಡುವುದೆಂದು ಡ್ರೈವರನನ್ನು ಯಾರೂ ಕೇಳಿರಲಿಲ್ಲ. ಬಿಲ್ಲು ಮಾತ್ರ ಅವನ ಹೆಸರಿಗೆ!

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಈ ರೀತಿ ಹೊಸದಲ್ಲ. ನೇಯ್ಗೆ ಖಾತೆಯಲ್ಲಿ ಗಾಳಿಯ ತೇವ ಕಡಿಮೆಯಾದರೆ ಎಳೆ ಪಟಪಟನೆ ಕಡಿಯುತ್ತದೆ. ಅದಕ್ಕಾಗಿಯೇ ಅಲ್ಲಿ ನೀರಿನ ಹಬೆ ಬಿಡುತ್ತಿದ್ದರು. ಹಬೆಯ ಯಂತ್ರ ಕೆಟ್ಟು ಎಳೆ ಕಡಿದರೆ ಬೈಗುಳ ಮಗ್ಗದ ಮುಂದೆ ನಿಂತವನಿಗೆ. ಅಲ್ಲಿ ತೇವ ಇಲ್ಲದ್ದು ಕೆಲಸಗಾರನ ತಪ್ಪು, ಇಲ್ಲಿ ತೇವ ಇದ್ದದ್ದು ಕೆಲಸಗಾರನ ತಪ್ಪು!

ಇದು ಬರೀ ದುಡ್ಡಿನ ಮಾತೂ ಅಲ್ಲ. ಒಳಗೆ ನೀರು ನಿಂತ ದೀಪದಲ್ಲಿ ಬೆಳಕು ಚದುರುತ್ತದೆ. ಪ್ರತಿಫಲಕದ ಬೆಳ್ಳನೆಯ ಲೇಪ ಮಾಸುತ್ತದೆ, ತಂತಿಯ ಕೂಡಿಕೆಗೆ ಕಿಲುಬು ಹತ್ತುತ್ತದೆ. ಬೆಳಗಿನ ಜಾವದ ಮಳೆಯಲ್ಲಿ ವಾಶಿಯ ಸೇತುವೆ ದಾಟುವವನಿಗೆ ಮುಂದಿನ ಗುಂಡಿ ಕಾಣುವುದಿಲ್ಲ. ರಸ್ತೆ ದಾಟುವ ಇನ್ನೊಬ್ಬ ಕೂಲಿಕಾರನೂ ಕಾಣುವುದಿಲ್ಲ. ಹೇಳಿದರೆ ದಂಡ ಬೀಳುತ್ತದೆಂದು ಗೊತ್ತಾದ ಮೇಲೆ ಯಾವ ಡ್ರೈವರ ಬಾಯಿ ಬಿಟ್ಟಾನು? ಅರೆಗುರುಡು ದೀಪದಲ್ಲೇ ಓಡಿಸುತ್ತಾನೆ. ಧಣಿಗಳೇ, ನೀವು ಕತ್ತರಿಸಿದ್ದು ಪಗಾರವನ್ನು ಮಾತ್ರವಲ್ಲ, ನಿಜ ಹೇಳುವ ನಾಲಿಗೆಯನ್ನು.

ಕಾನೂನು ಏನೆನ್ನುತ್ತದೆ? 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಮಾತನ್ನೇ 2019ರ ವೇತನ ಸಂಹಿತೆಯೂ ಇಟ್ಟುಕೊಂಡಿದೆ. ನಷ್ಟವೆಂದು ಪಗಾರ ಕಡಿಯಬೇಕಾದರೆ, ಕೆಲಸಗಾರನ ವಶಕ್ಕೆ ಒಪ್ಪಿಸಿದ ವಸ್ತುವೇ ಹಾಳಾಗಿರಬೇಕು. ಅದು ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಕಡಿತ ಆದ ನಷ್ಟವನ್ನು ಮೀರಬಾರದು. ಕಡಿಯುವ ಮುಂಚೆ ಅವನ ಸಮಾಧಾನ ಕೇಳಬೇಕು. ನಮ್ಮ ಸದಸ್ಯರನ್ನು ಕೇಳಿದವರು ಯಾರು? ಚೀಟಿಯ ಮೇಲಿನ ಸಾಲೇ ವಿಚಾರಣೆ, ಅದೇ ತೀರ್ಪು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ದೀಪದಲ್ಲಿ ನೀರು ಕಂಡರೆ ಡ್ರೈವರನ ಎದುರಿನಲ್ಲೇ ಬಿಚ್ಚಿ ನೋಡಬೇಕು. ಸರ್ವಿಸಿನವರು ಕಾರಣವನ್ನು ಬರೆದು ಕೊಡಬೇಕು. "ಸಹಜ" ಎಂದು ಬರೆದರೆ ಅದೇ ಕಾಗದ ಡ್ರೈವರನ ಬಿಡುಗಡೆ ಪತ್ರವೂ ಆಗಬೇಕು. ವಿಚಾರಣೆ ಮುಗಿಯುವವರೆಗೆ ಹಳೆಯ ದೀಪವನ್ನು ಎಸೆಯಬಾರದು. ಈಗಾಗಲೇ ಮುರಿದುಕೊಂಡ ಕಂತನ್ನು ಮರಳಿ ಕೊಡಬೇಕು.

ಬಂಧುಗಳೇ, ನಿಮ್ಮ ಗಾಡಿಯ ದೀಪ ಮಸುಕಾದರೆ ಅಂದೇ ಧಣಿಗೆ ಬರೆದು ಕೊಡಿ, ತಾರೀಕು ಹಾಕಿ, ಒಂದು ಪ್ರತಿ ನಿಮ್ಮಲ್ಲಿ ಇರಲಿ. ಈಗ ಎಲ್ಲರ ಕೈಯಲ್ಲೂ ಫೋನುಂಟು, ಒಂದು ಫೋಟೋ ತೆಗೆದಿಡಿ. ಬರೆಯಲು ಬಾರದವರು ಸಂಘದ ಕೋಣೆಗೆ ಬನ್ನಿ, ನಾವು ಬರೆದು ಕೊಡುತ್ತೇವೆ. ನಮ್ಮ ಸದಸ್ಯರ ಎರಡನೆಯ ಕಂತು ಬರುವ ತಿಂಗಳ ಪಗಾರದಲ್ಲಿ ಕಡಿತವಾಗಬೇಕಾಗಿದೆ. ಆ ದಿನ ಅವರು ಗಲ್ಲೆಯ ಮುಂದೆ ಒಬ್ಬರೇ ನಿಲ್ಲುವುದು ಬೇಡ. ಬಿಡುವಿದ್ದವರೆಲ್ಲ ಬನ್ನಿ.

ದೀಪದ ಬೆವರು ಗಾಳಿಯದು. ಪಗಾರದ ಬೆವರು ನಮ್ಮದು. ಅದರ ಲೆಕ್ಕಕ್ಕೆ ಇದನ್ನು ಮುರಿಯಲು ಬಿಡೆವು!