ವಾರ್ತಾಪ್ರಸಾರವೂ ಯಂತ್ರಭವಿಷ್ಯವೂ

ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲಿಟ್ಟು ಕಾದ ಕೊಬ್ಬರಿಯನ್ನು ರೈತನು ಒಂದು ಸುಳ್ಳು ಮಾತನ್ನು ನಂಬಿ ಒಂದೇ ದಿನದಲ್ಲಿ ಮಾರಿಬಿಡಬಹುದು. ತಿಪಟೂರಿನಲ್ಲಿ ಧಾರಣೆ ಬೀಳುವುದೆಂಬ ವದಂತಿಯು ವಾಟ್ಸಾಪಿನಲ್ಲಿ ಹೊರಟರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನು ಮುಟ್ಟಲು ಅದಕ್ಕೆ ಬಸ್ಸು ಬೇಕಿಲ್ಲವಷ್ಟೆ. ಇಂತಹ ಮಾತು ಎಷ್ಟು ಜನರನ್ನು ತಲುಪುವುದೆಂಬುದನ್ನು ಈಗ ಯಂತ್ರವೇ ಮುಂದಾಗಿ ಹೇಳಬಲ್ಲುದಾದುದರಿಂದ ಇನ್ನು ಭಯವಿಲ್ಲವೆಂದು ಕೆಲವು ವಿದ್ಯಾವಂತರು ಸಾರತೊಡಗಿರುವರು. ಈ ವಾದವು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಯಂತ್ರದ ಸಾಮರ್ಥ್ಯವನ್ನು ಅಲ್ಲಗಳೆಯಬೇಕಾಗಿಲ್ಲ. 2017ರಲ್ಲಿ ಚೀನದ ವಿದ್ವಾಂಸರು ಪ್ರಕಟಿಸಿದ ಡೀಪ್‌ಹಾಕ್ಸ್ ಎಂಬ ಡೀಪ್ ಲರ್ನಿಂಗ್ ಪದ್ಧತಿಯು, ವೈಬೊ ಜಾಲದ ಬರಹವೊಂದನ್ನು ಮೊದಲ ಕೆಲವು ಗಂಟೆಗಳಲ್ಲಿ ಯಾರು ಯಾರಿಂದ ಪಡೆದು ಹಂಚಿದರೆಂಬುದನ್ನು ನೋಡಿ, ಮುಂದೆ ಅದು ಎಷ್ಟು ಹರಡುವುದೆಂದು ಗಣಿಸುತ್ತದೆ. ಆದರೆ ಅದು ಬಹಿರಂಗ ಜಾಲ. ವಾಟ್ಸಾಪಿನ ಸಂದೇಶಗಳಾದರೋ 2016ರಿಂದ ಗೂಢಲಿಪಿಯಲ್ಲಿ ಸಾಗುತ್ತಿವೆ. ಕಳುಹಿಸಿದವನೂ ಪಡೆದವನೂ ಹೊರತು ಮೂರನೆಯವನು ಅವನ್ನು ಓದಲಾರನು. ಕಾಣದುದನ್ನು ಯಂತ್ರವು ಎಣಿಸುವ ಬಗೆ ಹೇಗೆ?

ಕಂಡರೂ ಕಾಲವೆಲ್ಲಿದೆ? 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣರು ಮಕ್ಕಳಿಗೆ ಚಾಕಲೇಟು ಕೊಟ್ಟುದೇ ಅಪರಾಧವಾಯಿತು. ಮಕ್ಕಳ ಕಳ್ಳರೆಂಬ ಕೂಗು ವಾಟ್ಸಾಪಿನ ಮೂಲಕ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ಸೇರಿತು. ಅಲ್ಲಿ ದಾರಿಗಟ್ಟಿದ ಗುಂಪು ನಿರಪರಾಧಿಯಾದ ಒಬ್ಬ ಇಂಜಿನಿಯರನನ್ನು ಬಡಿದು ಕೊಂದಿತು. ಮೊದಲ ಗಂಟೆಗಳ ಲೆಕ್ಕವನ್ನು ಬೇಡುವ ಗಣಿತಕ್ಕೆ ಅಂದು ಉಳಿದಿರುತ್ತಿದ್ದುದು ಪಂಚನಾಮೆಯ ಕೆಲಸವಷ್ಟೆ. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ 5 ಕಡೆಗಳಿಗೆ ಮಾತ್ರ ರವಾನಿಸುವಂತೆ ಮಿತಿಗೊಳಿಸತೊಡಗಿತು; ಅದರಲ್ಲಿ ಭವಿಷ್ಯಜ್ಞಾನವೇನೂ ಇರಲಿಲ್ಲ, ಬೆರಳಿಗೆ ಹಾಕಿದ ತಡೆ ಮಾತ್ರ.

ಇದಕ್ಕಿಂತ ದೊಡ್ಡ ಲೋಪವೊಂದಿದೆ. ಎಷ್ಟು ಹರಡುವುದೆಂಬುದು ಬೇರೆ, ನಿಜವೇ ಎಂಬುದು ಬೇರೆ. ಟ್ವಿಟರಿನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ವಾರ್ತೆಗಳನ್ನು ಪರಿಶೀಲಿಸಿದ ಸಂಶೋಧಕರು, ಸುಳ್ಳು ನಿಜಕ್ಕಿಂತ ದೂರವೂ ವೇಗವಾಗಿಯೂ ಹೋಗುವುದೆಂದೂ, ಅದಕ್ಕೆ ಕಾರಣರು ಮುಖ್ಯವಾಗಿ ಮನುಷ್ಯರೇ ಹೊರತು ಯಂತ್ರಗಳಲ್ಲವೆಂದೂ 2018ರ ‘ಸೈನ್ಸ್’ ಪತ್ರಿಕೆಯಲ್ಲಿ ತಿಳಿಸಿದರು.

ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ನೆಂಟನಲ್ಲ. ವಿಷಯವನ್ನು ತಾನೇ ಅರಿತು, ಅರಿತಂತೆ ನುಡಿಯುವವನು. ಆಲದ ಮರದಲ್ಲಿ ಯಕ್ಷನಿರುವನಂತೆ ಎಂಬ ತೆರನಾದ, ಮೊದಲು ನುಡಿದವನಾರೆಂದು ತಿಳಿಯದ ಮಾತಿಗೆ ಐತಿಹ್ಯವೆಂದು ಹೆಸರು. ಅದನ್ನು ನೈಯಾಯಿಕರು ಪ್ರತ್ಯೇಕ ಪ್ರಮಾಣವೆಂದು ಒಪ್ಪಲಿಲ್ಲ. ಭಾವಮೈದುನನು ಕಳುಹಿಸಿದನೆಂಬ ಒಂದೇ ಕಾರಣದಿಂದ ಆ ಯಕ್ಷನನ್ನು ಮನೆಮನೆಗೆ ದಾಟಿಸುವ ಪದವೀಧರರು ಯಂತ್ರದ ಮುನ್ಸೂಚನೆಯನ್ನು ಕಾಯುತ್ತಿರುವರು. ಧಾರಣೆಯ ಮಾತನ್ನು ಮುಂದಕ್ಕೆ ಕಳುಹಿಸುವ ಮೊದಲು ಇವರಲ್ಲಿ ಎಷ್ಟು ಮಂದಿ ತಿಪಟೂರಿನ ಮಂಡಿಯಲ್ಲಿ ವಿಚಾರಿಸಿರುವರು?